ಊರುಸ್ತಂಭ ವಿಚಾರ: ತೊಡೆಯ ನೋವಿನ ಚಿಕಿತ್ಸೆಯ ಇತಿಹಾಸದಲ್ಲೊಂದು ಪ್ರಕರಣ

ಬಳ್ಳಾರಿ ಸೀಮೆಯಲ್ಲಿ ತೊಡೆಯ ನೋವು ವೈದ್ಯರ ವಿಷಯ ಮಾತ್ರವಲ್ಲ, ದುಡಿಮೆಯ ವಿಷಯವೂ ಅಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯತೊಡಗಿದ ತರುವಾಯ ಸಿರುಗುಪ್ಪದ ಕಡೆ ಭತ್ತದ ಬೇಸಾಯ ವಿಸ್ತರಿಸಿತು. ಕೆಸರಿನಲ್ಲಿ ಬಾಗಿ ನಾಟಿ ಹಾಕುವವರ ಸೊಂಟ ತೊಡೆಗಳ ಮೇಲಣ ಭಾರವೂ ಅದರೊಡನೆ ಹೆಚ್ಚಿತು. ಕುರುಗೋಡಿನ ಹೊಲಗಳಲ್ಲಿ ದುಡಿಯುವವರಿಗೂ ಬಳ್ಳಾರಿಯ ಪೇಟೆಯಲ್ಲಿ ಮೂಟೆ ಹೊರುವವರಿಗೂ ಈ ನೋವು ಅಪರಿಚಿತವಲ್ಲ. ನೋವು ತೋರಿದೊಡನೆ 'ವಾಯು' ಎಂದು ಬಗೆದು ಎಣ್ಣೆ ತಿಕ್ಕುವುದು ನಮ್ಮ ಜನರ ರೂಢಿ. ಈ ರೂಢಿಗೆ ಪ್ರಾಚೀನ ವೈದ್ಯಶಾಸ್ತ್ರವೇ ಒಂದು ಎಲ್ಲೆಯನ್ನು ಹಾಕಿತ್ತೆಂಬುದನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 27ನೆಯ ಅಧ್ಯಾಯವು ಊರುಸ್ತಂಭವನ್ನು ಕುರಿತದ್ದು. 'ಊರು' ಎಂದರೆ ತೊಡೆ. 'ಸ್ತಂಭ' ಎಂದರೆ ಸೆಡೆತ. ಪಂಚಕರ್ಮಗಳಿಂದ ಸಾಧಿಸಲಾಗದ ರೋಗವೊಂದುಂಟೆ ಎಂದು ಅಗ್ನಿವೇಶನು ಪ್ರಶ್ನಿಸಲು, ಆತ್ರೇಯನು ಊರುಸ್ತಂಭವನ್ನು ಹೆಸರಿಸುತ್ತಾನೆ. ಆಮವೂ ಕಫಮೇದಸ್ಸುಗಳೂ ವಾತದೊಡಗೂಡಿ ತೊಡೆಯಲ್ಲಿ ನೆಲೆಸುವುದೇ ಇದರ ಕಾರಣವೆಂದು ಅಲ್ಲಿ ಹೇಳಿದೆ. ಅಜ್ಞಾನದಿಂದ ಕೇವಲ ವಾತವೆಂದು ಶಂಕಿಸಿ ಸ್ನೇಹಪ್ರಯೋಗ ಮಾಡಿದರೆ ಪಾದಗಳು ಸೋತು, ಜೋಮು ಹಿಡಿದು, ಕಾಲೆತ್ತುವುದೇ ಕಷ್ಟವಾಗುವುದೆಂಬ ಎಚ್ಚರಿಕೆಯೂ ಉಂಟು. ಮೊದಲು ರೂಕ್ಷಚಿಕಿತ್ಸೆ; ಅದು ಅತಿಯಾಗಿ ವಾತವು ಕೆರಳಿದರೆ ಮಾತ್ರ ಸ್ನೇಹ, ಸ್ವೇದಗಳು. ಅಲ್ಲದೆ, ಮರಳು ನೊರಜುಗಲ್ಲುಗಳ ನೆಲದ ಮೇಲೆ ನಡೆಯುವುದನ್ನೂ ಅಪಾಯವಿಲ್ಲದ ತಣ್ಣೀರಿನ ಹೊಳೆಯಲ್ಲಿ ಪ್ರವಾಹಕ್ಕೆದುರಾಗಿ ಈಜುವುದನ್ನೂ ಗ್ರಂಥವು ವಿಧಿಸುತ್ತದೆ.

ಊರುಸ್ತಂಭವನ್ನು ಇಂದಿನ ಸ್ನಾಯುರಜ್ಜುವಿನ ಉರಿಯೂತದೊಡನೆ ಸಮೀಕರಿಸುವುದು ಯುಕ್ತವಲ್ಲ. ಸ್ನಾಯುರಜ್ಜುವಿಗೆ ಸಮೀಪವಾದ 'ಕಂಡರ'ವನ್ನು ಪ್ರಾಚೀನರು ಪ್ರತ್ಯೇಕವಾಗಿಯೇ ಬಲ್ಲರು. ಸುಶ್ರುತನು ಶರೀರದಲ್ಲಿ 16 ಕಂಡರಗಳನ್ನು ಎಣಿಸಿದ್ದಾನೆ. ಆದರೂ ಹೆಸರನ್ನು ಪರೀಕ್ಷಿಸದೆ ಮದ್ದಿಗೆ ಕೈಹಾಕಬಾರದೆಂಬ ತತ್ತ್ವವು ಎರಡೂ ಪರಂಪರೆಗಳಿಗೆ ಸಮಾನವಾದುದು. 1976ರಲ್ಲಿ ಇಟಲಿಯ ಪುದ್ದು ಮತ್ತು ಸಂಗಡಿಗರು ಹಿಮ್ಮಡಿಯ ರಜ್ಜುವನ್ನು ಪರಿಶೀಲಿಸಿ, ಉರಿಯೂತಕ್ಕಿಂತ ಭಿನ್ನವಾದ ತಂತುಗಳ ಶೈಥಿಲ್ಯವನ್ನು ಗುರುತಿಸಿದರು. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ಸನ್ನರು ಅದೇ ರಜ್ಜುವಿನ ಬೇನೆಗೆ ಭಾರಸಹಿತ ವ್ಯಾಯಾಮದ ಪ್ರಯೋಜನವನ್ನು ತೋರಿಸಿದರು. ಅನಂತರ ಈ ತತ್ತ್ವವು ತೊಡೆ, ಪಿರ್ರೆಗಳ ರಜ್ಜುಗಳಿಗೂ ಅನ್ವಯವಾಯಿತು: ನೋವು ಕೆರಳಿಸುವ ಕೆಲಸವನ್ನು ಕೆಲಕಾಲ ತಗ್ಗಿಸುವುದು, ಪೂರ್ಣ ವಿಶ್ರಾಂತಿಯಲ್ಲಿ ಮಲಗದೆ ಕ್ರಮಕ್ರಮವಾಗಿ ಭಾರವನ್ನು ಏರಿಸುವುದು.

ಈ ವಿವೇಚನೆ ಪಂಡಿತರ ಚರ್ಚೆಗಷ್ಟೇ ಮೀಸಲಲ್ಲ. ಒಂದೇ ಕಾಲು ಹಠಾತ್ತಾಗಿ ಊದಿ ಬಿಸಿಯಾದರೆ ರಕ್ತನಾಳದಲ್ಲಿ ಗರಣೆ ಕಟ್ಟಿರಬಹುದು. ಅಲ್ಲಿ ಬಲವಾಗಿ ತಿಕ್ಕುವುದು ಪ್ರಾಣಾಪಾಯಕ್ಕೆ ದಾರಿ. ಜ್ವರದೊಡನೆ ಸಂದು ನೊಂದರೆ ಕೀವಿನ ಶಂಕೆಯುಂಟು. ಇಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಬಳ್ಳಾರಿ ನಗರದಲ್ಲಿ 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ, ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯವೂ ಇವೆ. ಎರಡೂ ಪರಂಪರೆಗಳ ವಿದ್ಯಾರ್ಥಿಗಳು ಈ ಒಂದು ಅಧ್ಯಾಯವನ್ನು ಒಟ್ಟಿಗೆ ಕುಳಿತು ಓದಿದರೆ, ಗದ್ದೆಯಿಂದ ಕುಂಟುತ್ತ ಬರುವ ಕೂಲಿಯವರಿಗೆ ಅದರಿಂದ ಉಪಕಾರವಾದೀತೆಂದು ನಾವು ನಂಬುತ್ತೇವೆ.