ಇಬ್ಬರು ಟೆನರ್ ವಾದಕರ ಒಂದೇ ಭೇಟಿ



ಸ್ಯಾಕ್ಸೊಫೋನ್ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವವರು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಅವರು ನುಡಿಸುತ್ತಿದ್ದುದು ಆಲ್ಟೊ. ಅದಕ್ಕಿಂತ ದೊಡ್ಡದಾದ, ತಗ್ಗಿನ ಸ್ಥಾಯಿಯ ಟೆನರ್ ಸ್ಯಾಕ್ಸೊಫೋನ್ ಅಮೆರಿಕದ ಜಾಝ್ ಸಂಗೀತದ ಮುಖ್ಯ ವಾದ್ಯಗಳಲ್ಲೊಂದು. ಇಬ್ಬರು ಟೆನರ್ ವಾದಕರು ಕೂಡಿ ನುಡಿಸಿದ ಒಂದು ಧ್ವನಿಮುದ್ರಿಕೆಯ ಚರಿತ್ರೆಯನ್ನು ಇಂದು ನಾವು ನೋಡೋಣ.

ಅದು 1956ರ ಮೇ 24. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವಾನ್ ಗೆಲ್ಡರ್ ತಮ್ಮ ತಂದೆತಾಯಿಯರ ಮನೆಯ ಹಜಾರವನ್ನೇ ಧ್ವನಿಮುದ್ರಣಾಲಯ ಮಾಡಿಕೊಂಡಿದ್ದರು. ಪ್ರೆಸ್ಟೀಜ್ ಸಂಸ್ಥೆಗಾಗಿ ಅಂದು ಅಲ್ಲಿ ನುಡಿಸಿದವರು 25 ವರ್ಷದ ಸನ್ನಿ ರಾಲಿನ್ಸ್. ಪಿಯಾನೊದಲ್ಲಿ ರೆಡ್ ಗಾರ್ಲೆಂಡ್, ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಫಿಲಿ ಜೋ ಜೋನ್ಸ್. ಮೂವರೂ ಮೈಲ್ಸ್ ಡೇವಿಸರ ತಂಡದವರು. ಅದೇ ತಂಡದ ಟೆನರ್ ವಾದಕ, 29 ವರ್ಷದ ಜಾನ್ ಕೋಲ್ಟ್ರೇನರೂ ಅಲ್ಲಿದ್ದರು. ಮುದ್ರಿಕೆಯ ಐದು ಕೃತಿಗಳ ಪೈಕಿ 'ಟೆನರ್ ಮ್ಯಾಡ್‌ನೆಸ್' ಒಂದರಲ್ಲಿ ಮಾತ್ರ ಅವರು ಸೇರಿ ತಂಡ ಐವರದಾಯಿತು.

ಹನ್ನೆರಡು ಅಳತೆಗಳ ಆವರ್ತದ ಬ್ಲೂಸ್ ಅದು. ಸುಮಾರು ಹನ್ನೆರಡು ನಿಮಿಷದ್ದು. ಮೊದಲು ಕೋಲ್ಟ್ರೇನ್: ಹರಿತವಾದ ನಾದ, ಎಡೆಬಿಡದೆ ಸುರಿಯುವ ಸ್ವರಗಳು. ಬಳಿಕ ರಾಲಿನ್ಸ್: ತುಂಬಿದ ನಾದ, ಅವಸರವಿಲ್ಲದ ನಡೆ. ಕೊನೆಗೆ ನಮ್ಮ ಸವಾಲ್-ಜವಾಬ್‌ನಂತೆ ಇಬ್ಬರೂ ನಾಲ್ಕು ನಾಲ್ಕು ಅಳತೆಗಳನ್ನು ಹಂಚಿಕೊಂಡು ನುಡಿಸುತ್ತಾರೆ.

ಗೆದ್ದವರು ಯಾರೆಂದು ಕೇಳುವುದು ರೂಢಿ. ಆದರೆ ಚರಿತ್ರೆ ಬೇರೊಂದನ್ನು ಹೇಳುತ್ತದೆ. ಮಾದಕವಸ್ತುವಿನ ಚಟಕ್ಕೆ ಸಿಕ್ಕಿದ್ದ ರಾಲಿನ್ಸ್ 1955ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ ಆಸ್ಪತ್ರೆಗೆ ತಾವಾಗಿಯೇ ಸೇರಿ, ಅದರಿಂದ ಬಿಡಿಸಿಕೊಂಡಿದ್ದರು. ಕೋಲ್ಟ್ರೇನ್ ಇನ್ನೂ ಅದರ ಹಿಡಿತದಲ್ಲಿದ್ದರು; ಅವರಿಗೆ ಬಿಡುಗಡೆ ದೊರೆತದ್ದು 1957ರಲ್ಲಿ. ದಡ ಸೇರಿದವರೊಬ್ಬರು, ಇನ್ನೂ ಈಜುತ್ತಿದ್ದವರೊಬ್ಬರು ಅಂದು ಸಮಾನರಾಗಿ ಅಕ್ಕಪಕ್ಕ ನಿಂತು ನುಡಿಸಿದರು. ಇದನ್ನರಿತು ಕೇಳಿದಾಗ ಆ ಸ್ವರಗಳಿಗೆ ಬೇರೆಯೇ ಅರ್ಥ ಬರುತ್ತದೆ.

ಮುಂದೆ ಇಬ್ಬರೂ ಭಾರತದ ಕಡೆಗೆ ತಿರುಗಿದರು. ಕೋಲ್ಟ್ರೇನ್ 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರರ ಹೆಸರನ್ನಿಟ್ಟರು. 1967ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಲಿನ್ಸ್ ಅದೇ ದಶಕದ ಕೊನೆಯಲ್ಲಿ ಮುಂಬಯಿಯ ಪೊವಾಯಿಯಲ್ಲಿರುವ ಆಶ್ರಮದಲ್ಲಿದ್ದು ಯೋಗ, ವೇದಾಂತಗಳನ್ನು ಅಭ್ಯಸಿಸಿದರು. ಇಬ್ಬರೂ ಕೂಡಿ ನುಡಿಸಿದ ಬೇರೊಂದು ಮುದ್ರಿಕೆ ನಮಗೆ ದೊರೆತಿಲ್ಲ.

ನಮ್ಮ ಮಕ್ಕಳು ಶಾಲೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಲಿಯುತ್ತಿರುವಾಗ, ಆ ಹನ್ನೆರಡು ನಿಮಿಷಗಳನ್ನು ಅವರೊಡನೆ ಕುಳಿತು ಕೇಳೋಣ.