ಹೆಪ್ಪು ಮತ್ತು ಹುಳಿಗೆನೆ

ಹಾಲಿಗೆ ಹೆಪ್ಪು ಹಾಕುವುದು ನಮ್ಮ ಮನೆಗಳಲ್ಲಿ ರಾತ್ರಿಯ ಕಡೆಯ ಕೆಲಸ. ಇಷ್ಟು ಸಾಮಾನ್ಯವಾದ ಕೆಲಸಕ್ಕೂ ಒಂದು ಇತಿಹಾಸವುಂಟೆಂದರೆ ಕೆಲವರಿಗೆ ನಗೆ ಬರಬಹುದು. ಆದರೆ ರಾಜರ ಯುದ್ಧಗಳ ಕಾಲನಿರ್ಣಯಕ್ಕೆ ಎಷ್ಟೋ ಪುಟಗಳನ್ನು ಮೀಸಲಿಡುವ ನಾವು, ಆ ರಾಜರೂ ಅವರ ಪ್ರಜೆಗಳೂ ದಿನದಿನವೂ ಉಂಡ ಮೊಸರಿನ ವಿಚಾರಕ್ಕೆ ಒಂದೆರಡು ಪುಟಗಳನ್ನು ಕೊಟ್ಟರೆ ತಪ್ಪಾಗಲಾರದು. ಈ ಇತಿಹಾಸದ ಬಹುಭಾಗವು ಒಂದೇ ಪ್ರಶ್ನೆಯ ಸುತ್ತ ಹಬ್ಬಿಕೊಂಡಿದೆ: ಹೆಪ್ಪು ಇಲ್ಲದಾಗ ಏನು ಮಾಡಬೇಕು?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿಕೊಂಡವರು ವೇದಕಾಲದ ಯಾಜ್ಞಿಕರು. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಸಾನ್ನಾಯ್ಯವೆಂಬ ಹವಿಸ್ಸಿನ ಪ್ರಸ್ತಾಪವಿದೆ. ವೃತ್ರನನ್ನು ಕೊಂದ ಬಳಿಕ ಇಂದ್ರನ ಶಕ್ತಿಯೆಲ್ಲ ಕುಂದಿ ಗಿಡಬಳ್ಳಿಗಳನ್ನು ಸೇರಿತಂತೆ, ಪ್ರಜಾಪತಿಯ ಮಾತಿನಂತೆ ಹಸುಗಳು ಅದನ್ನು ಮೇದು ಕೂಡಿಸಿದುವು, ಹಾಲಾಗಿ ಕರೆದುಕೊಟ್ಟರೆ ಅದು ಇಂದ್ರನಲ್ಲಿ ನಿಲ್ಲಲಿಲ್ಲ, ಕಾಯಿಸಿದರು, ಆಮೇಲೆ ಮೊಸರು ಮಾಡಿದರು. ಕಥೆ ಹೀಗಿರಲು, ಹಾಲನ್ನು ಯಾವುದರಿಂದ ಹೆಪ್ಪುಗಟ್ಟಿಸಬೇಕೆಂಬ ಪ್ರಶ್ನೆ ಬರುತ್ತದೆ. ಪೂತೀಕಲತೆಯಿಂದಲೋ ಮುತ್ತುಗದ ತೊಗಟೆಯಿಂದಲೋ ಮಾಡಿದ್ದು ಸೋಮನಿಗೆ ಸಲ್ಲುತ್ತದೆ, ಎಲಚಿಹಣ್ಣಿನಿಂದಾದದ್ದು ರಾಕ್ಷಸರಿಗೆ, ಅಕ್ಕಿಯಿಂದಾದದ್ದು ವಿಶ್ವೇದೇವರಿಗೆ, ವಾಡಿಕೆಯ ಆತಂಚನದಿಂದಾದದ್ದು ಮನುಷ್ಯರಿಗೆ, ಮೊಸರಿನಿಂದಲೇ ಹೆಪ್ಪಿಟ್ಟದ್ದು ಮಾತ್ರ ಇಂದ್ರನಿಗೆ ಎಂದು ಅಲ್ಲಿ ವಿಂಗಡಿಸಿದೆ. ಇದಲ್ಲದೆ, ಅಗ್ನಿಹೋತ್ರದಲ್ಲಿ ಉಳಿದುದನ್ನೂ ಅದಕ್ಕೆ ಸೇರಿಸಬೇಕು, ಯಜ್ಞದ ಎಳೆ ಕಡಿಯದಿರಲೆಂದು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ಈ ಸಂಹಿತೆಗೆ ಭಾಷ್ಯವನ್ನು ರಚಿಸಿದರೆಂಬುದನ್ನು ವಾಚಕರು ಬಲ್ಲರು.

ಇದರಲ್ಲಿ ದೇವತೆಗಳ ಹೆಸರನ್ನು ಒಂದು ಕ್ಷಣ ಬದಿಗಿಟ್ಟು ನೋಡಿದರೆ, ಹೆಪ್ಪಿಗೆ ಬದಲಿಯಾಗಿ ಬಳಸಬಹುದಾದ ವಸ್ತುಗಳ ಒಂದು ಪಟ್ಟಿಯೇ ನಮಗೆ ದೊರೆಯುತ್ತದೆ. ಪಟ್ಟಿಯನ್ನು ಕೊಟ್ಟವರು ಎಲ್ಲವನ್ನೂ ಸಮವೆಂದು ಹೇಳಲಿಲ್ಲ; ಹುಳಿಹಣ್ಣನ್ನು ರಾಕ್ಷಸರ ಪಾಲಿಗೆ ಬಿಟ್ಟು, ಮೊಸರಿಗೆ ಮೊಸರೇ ಹೆಪ್ಪೆಂದು ತೀರ್ಮಾನಿಸಿದರು. ಈ ತೀರ್ಮಾನದ ಹಿಂದೆ ಅಡಿಗೆಮನೆಯ ಬಹುಕಾಲದ ಅನುಭವವಿತ್ತೆಂದೇ ನನ್ನ ಊಹೆ.

ನಮ್ಮ ಗೃಹಿಣಿಯರೂ ಇಂತಹ ಬದಲಿಗಳನ್ನು ಬಲ್ಲವರೇ. ಹೆಪ್ಪು ತಪ್ಪಿದ ದಿನ ಉಗುರುಬೆಚ್ಚಗಿನ ಹಾಲಿನಲ್ಲಿ ತೊಟ್ಟು ಸಹಿತವಾದ ಮೆಣಸಿನಕಾಯಿಯನ್ನೋ ಚಿಕ್ಕ ಹುಣಿಸೆಯ ಚೂರನ್ನೋ ಹಾಕಿಡುವುದುಂಟು. ಮೆಣಸಿನ ತೊಟ್ಟಿನ ಮೇಲೆ ಬದುಕಿರುವ ಸೂಕ್ಷ್ಮಜೀವಿಗಳು ಹಾಲಿನಲ್ಲಿ ಬೆಳೆದು ಅದನ್ನು ಹುಳಿಯಾಗಿಸುತ್ತವೆ. ಮೊದಲ ದಿನದ ಮೊಸರು ಅಷ್ಟೇನೂ ಚೆನ್ನಾಗಿರದು. ಅದನ್ನೇ ಹೆಪ್ಪಾಗಿಟ್ಟು ಎರಡು ಮೂರು ಸಲ ಮಾಡಿದ ಮೇಲೆ ರುಚಿ ನೆಲೆಗೊಳ್ಳುತ್ತದೆ. ನೆರೆಮನೆಯಿಂದ ಹೆಪ್ಪು ತರುವುದೇ ಸುಲಭವೆನ್ನಿ. ಆದರೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಕಟ್ಟಳೆ ಅನೇಕ ಮನೆಗಳಲ್ಲುಂಟು, ಹೆಪ್ಪು ಬೇಕಾಗುವುದೂ ಆ ಹೊತ್ತಿಗೇ!

ಇನ್ನು ಕೆನೆಯ ಮಾತು. ಕಾದು ಆರಿದ ಹಾಲಿನ ಕೆನೆಯನ್ನು ದಿನವೂ ತೆಗೆದು, ಸ್ವಲ್ಪ ಮಜ್ಜಿಗೆ ಬೆರಸಿ, ನಾಲ್ಕಾರು ದಿನ ಕೂಡಿಟ್ಟು ಕಡೆಯುವವರು ನಮ್ಮಲ್ಲಿ ಬಹುಮಂದಿ. ಕಡೆಯುವುದಕ್ಕೆ ಮುಂಚೆ ಆ ಪಾತ್ರೆಯಲ್ಲಿರುವುದು ಹುಳಿಗೆನೆಯೇ. ಪಾಶ್ಚಾತ್ಯರು ಸವರ್ ಕ್ರೀಮ್ ಎಂದೂ, ರಷ್ಯದವರು ಸ್ಮೆತಾನಾ ಎಂದೂ ಹೇಳುವುದು ಇದರ ಬಂಧುವನ್ನೇ. ಭೇದವಿಷ್ಟೆ: ಅವರ ಕೆನೆ ಹಸಿಹಾಲಿನ ಮೇಲೆ ತಾನಾಗಿ ತೇಲಿ ಬಂದದ್ದು, ನಮ್ಮದು ಕಾಯಿಸಿದ ಹಾಲಿನ ಮೇಲೆ ಪದರವಾಗಿ ಕಟ್ಟಿದ್ದು. ನಾವು ಅದನ್ನು ಬೆಣ್ಣೆಗೆಂದು ಕಾದಿಟ್ಟೆವು. ಅವರು ಬೆಣ್ಣೆಗೂ ಬಳಸಿದರು, ಬೀಟ್‌ರೂಟಿನ ಸಾರಾದ ಬೋರ್ಷ್‌ಗೂ ಹಾಕಿಕೊಂಡು ಉಂಡರು.

ಯೂರೋಪಿನ ಹಳ್ಳಿಗಳಲ್ಲಿ ಹಾಲನ್ನು ಅಗಲವಾದ ತಟ್ಟೆಗಳಲ್ಲಿ ಒಂದೆರಡು ದಿನ ತಂಪಾದ ಕೋಣೆಯಲ್ಲಿಡುತ್ತಿದ್ದರು. ಕೆನೆ ಮೇಲೇಳುವಷ್ಟರಲ್ಲಿ ಹುಳಿಯೂ ಏರುತ್ತಿತ್ತು. ಹೆಪ್ಪೆಂಬುದನ್ನು ಬೇರೆಯಾಗಿ ಹಾಕಬೇಕಾಗಿರಲಿಲ್ಲ. ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲಿ ಸ್ವೀಡನ್ನಿನ ಷೀಲೆ ಬೇರ್ಪಡಿಸಿದನು. ಆ ಆಮ್ಲವು ಜೀವಿಗಳ ಕೆಲಸವೆಂದು 1857ರಲ್ಲಿ ಪಾಸ್ಚರ್ ಸಾರಿದನು. 1870ರ ದಶಕದಲ್ಲಿ ಶಸ್ತ್ರವೈದ್ಯನಾದ ಲಿಸ್ಟರ್, ಹಾಲನ್ನು ಮತ್ತೆ ಮತ್ತೆ ತೆಳುವಾಗಿಸಿ ಅಂತಹ ಒಂದೇ ಜಾತಿಯ ಜೀವಿಯನ್ನು ಪ್ರತ್ಯೇಕಿಸಿ ತೋರಿಸಿದನು.

ಅಷ್ಟರಲ್ಲಿ ಹಳೆಯ ಪದ್ಧತಿಯ ಬುಡವೇ ಅಲುಗಾಡಿತ್ತು. 1878ರಲ್ಲಿ ಸ್ವೀಡನ್ನಿನ ಡಿ ಲಾವಲ್ ಕೆನೆಯನ್ನು ಕ್ಷಣಮಾತ್ರದಲ್ಲಿ ಬೇರ್ಪಡಿಸುವ ತಿರುಗುಯಂತ್ರವನ್ನು ರೂಪಿಸಿದನು. ಯಂತ್ರದಿಂದ ಬಂದ ಕೆನೆ ಸಿಹಿಯಾಗಿಯೇ ಇರುತ್ತಿದ್ದುದರಿಂದ ಅದನ್ನು ಬೇಕೆಂದೇ ಹುಳಿಯಾಗಿಸಬೇಕಾಯಿತು. ಹಿಂದಿನ ದಿನದ ಒಳ್ಳೆಯ ಮಜ್ಜಿಗೆಯನ್ನು ಹೆಪ್ಪಾಗಿ ಹಾಕಿ ನೋಡಿದರು. ಒಮ್ಮೆ ಸೊಗಸು, ಇನ್ನೊಮ್ಮೆ ಕಹಿ. ಆಗ ಡೆನ್ಮಾರ್ಕಿನ ವಿಲ್ಹೆಲ್ಮ್ ಸ್ಟಾರ್ಕ್ ಎಂಬ ರಸಾಯನಜ್ಞನು ಸೊಗಸಾಗಿ ಹುಳಿತ ಕೆನೆಯಿಂದಲೇ ಒಳ್ಳೆಯ ಜೀವಿಗಳನ್ನು ಆರಿಸಿ ಬೆಳಸಿ, 1890ರಲ್ಲಿ ಶುದ್ಧವಾದ ಹೆಪ್ಪಿನ ಮಾರ್ಗವನ್ನು ಪ್ರಕಟಿಸಿದನು. ಕೆನೆಯನ್ನು ಮೊದಲು ಕಾಯಿಸಿ ಅದರಲ್ಲಿರುವುದನ್ನೆಲ್ಲ ಕೊಂದು, ಬಳಿಕ ಬೇಕಾದುದನ್ನಷ್ಟೆ ಬಿತ್ತುವುದು ಅಲ್ಲಿಯ ಡೈರಿಗಳಲ್ಲಿ ರೂಢಿಯಾಯಿತು. ದನಗಳ ಕ್ಷಯವನ್ನು ತಡೆಯಲು 1898ರಲ್ಲಿ ಡೆನ್ಮಾರ್ಕಿನಲ್ಲಿ, ಡೈರಿಗಳಿಂದ ಕರುಗಳಿಗೂ ಹಂದಿಗಳಿಗೂ ಹಿಂತಿರುಗುವ ಹಾಲುಮಜ್ಜಿಗೆಗಳನ್ನು ಕಾಯಿಸಲೇಬೇಕೆಂದು ಶಾಸನವಾಯಿತು. ಕಾಯಿಸಿದರೋ ಇಲ್ಲವೋ ಎಂಬುದನ್ನು ಬಣ್ಣದಿಂದ ತಿಳಿಯುವ ಪರೀಕ್ಷೆಯೂ ಸ್ಟಾರ್ಕನದೇ. ಕಾಯಿಸದ ಹಾಲು ಆ ಪರೀಕ್ಷೆಯಲ್ಲಿ ನೀಲಿಯಾಗುತ್ತದೆ.

ಇದರಿಂದ ರೋಗಭಯ ತಗ್ಗಿತು, ಎಷ್ಟೋ ಮಕ್ಕಳ ಪ್ರಾಣ ಉಳಿಯಿತು. ಇದನ್ನು ಹಳಿಯುವುದು ಸಲ್ಲದು. ಆದರೆ ಕಾಯಿಸಿದ ಹಾಲು ಬರತೊಡಗಿದ ಮೇಲೆ ಪಾಶ್ಚಾತ್ಯ ಗೃಹಿಣಿಯ ಮನೆಯಲ್ಲಿ ಹಾಲು ತಾನಾಗಿ ಹುಳಿಯುವುದು ನಿಂತಿತು. ಹುಳಿಯನ್ನು ತರುವ ಜೀವಿಗಳು ಸತ್ತು, ಕಾವನ್ನು ತಡೆದುಕೊಂಡ ಬೇರೆ ಜೀವಿಗಳು ಉಳಿಯುವುದರಿಂದ ಅಂತಹ ಹಾಲು ಹುಳಿಯುವುದಕ್ಕೆ ಬದಲು ಕಹಿಯಾಗಿ ಕೆಡುತ್ತದೆ. ತಲೆಮಾರುಗಳಿಂದ ಹೆಪ್ಪು ಕಾದಿಡುವ ಅಭ್ಯಾಸವಿಲ್ಲದ ಮನೆಗಳಲ್ಲಿ ಹುಳಿಗೆನೆ ಅಂಗಡಿಯ ವಸ್ತುವಾಯಿತು. ಅಂಗಡಿ ದೂರವಾದರೆ ಕೆನೆಗೆ ನಿಂಬೆರಸವನ್ನೋ ವಿನೆಗರನ್ನೋ ಹಿಂಡುವುದು ಪಾಕಪುಸ್ತಕಗಳ ಉಪಾಯವಾಯಿತು. ನಿಂಬೆರಸವು ಹಾಲನ್ನು ಒಡೆಯಿಸಿ ಗಟ್ಟಿಮಾಡೀತು, ಹುಳಿಯನ್ನೂ ಕೊಟ್ಟೀತು. ಜೀವಿಗಳು ಮೆಲ್ಲನೆ ಹುಟ್ಟಿಸುವ ಬೆಣ್ಣೆಯ ಪರಿಮಳ ಅದಕ್ಕೆ ಬರುವುದಿಲ್ಲ, ಅದರಿಂದ ನಾಳೆಗೆ ಹೆಪ್ಪೂ ಆಗುವುದಿಲ್ಲ. ಎಲಚಿಹಣ್ಣನ್ನು ರಾಕ್ಷಸರಿಗೆ ಬಿಟ್ಟವರ ನೆನಪು ಇಲ್ಲಿ ಬಾರದಿರದು.

ಈಗ ನಮ್ಮ ಪಟ್ಟಣಗಳಿಗೂ ಕಾಯಿಸಿ ತಂಪುಮಾಡಿದ ಪೊಟ್ಟಣದ ಹಾಲೇ ಬರುತ್ತಿದೆ. ಅದರೊಡನೆ ಪೊಟ್ಟಣದ ಮೊಸರೂ ಬರುತ್ತಿರುವುದರಿಂದ ಹೆಪ್ಪಿನ ಪಾತ್ರೆಯನ್ನು ಕೈಬಿಟ್ಟ ಮನೆಗಳು ಹೆಚ್ಚುತ್ತಿವೆ. ಕೊಬ್ಬಿನ ಕಣಗಳನ್ನು ಒಡೆದು ಬೆರಸಿದ ಹಾಲಾದರೆ ಕೆನೆಯೂ ದಪ್ಪನಾಗಿ ಕಟ್ಟುವುದಿಲ್ಲ. ಇಷ್ಟಾದರೂ ಮನೆಯಲ್ಲಿ ಹುಳಿಗೆನೆ ಮಾಡುವುದು ಕಷ್ಟವಲ್ಲ. ಒಂದು ಬಟ್ಟಲು ತಾಜಾ ಕೆನೆಯನ್ನು ಸ್ವಲ್ಪವೇ ಬೆಚ್ಚಗೆ ಮಾಡಿ, ಒಂದು ದೊಡ್ಡ ಚಮಚ ಒಳ್ಳೆಯ ಮೊಸರನ್ನು ಕದಡಿ, ಮುಚ್ಚಿ ಅಲುಗಿಸದೆ ಇಡಬೇಕು. ಸೆಕೆಗಾಲದಲ್ಲಿ ಒಂದು ರಾತ್ರಿ ಸಾಕು. ಚಳಿಯಲ್ಲಿ ಒಂದು ಹಗಲೂ ಕೂಡಬೇಕಾದೀತು. ಕೆನೆಯೇ ಸಿಕ್ಕದಿದ್ದರೆ ಗಟ್ಟಿಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಚೆನ್ನಾಗಿ ಕಲಸಿದರೆ ಅದೇ ಬದಲಿ. ಇದು ಹೊಸದೇನಲ್ಲ; ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ಮಾನಸೋಲ್ಲಾಸದಲ್ಲಿ ಹೆಸರಿಸಿರುವ ಶಿಖರಿಣಿಗೆ, ಇಂದಿನ ಶ್ರೀಖಂಡಕ್ಕೆ, ಆಧಾರ ಇಂತಹ ಮೊಸರೇ. ಇದರಲ್ಲಿ ಕೊಬ್ಬು ಕಡಮೆಯಾದುದರಿಂದ ಕುದಿಯುವ ಸಾರಿಗೆ ಹಾಕಿದರೆ ಒಡೆಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ಬೆರಸಬೇಕು. ಯಾವುದನ್ನು ಮಾಡಿದರೂ ಬಡಿಸುವುದಕ್ಕೆ ಮೊದಲು ನಾಳಿನ ಹೆಪ್ಪಿಗೆಂದು ಒಂದು ಚಮಚವನ್ನು ಬೇರೆ ತೆಗೆದಿಡತಕ್ಕದ್ದು.