ಗೌರಮ್ಮ ಬಿಚ್ಚಿಕೊಟ್ಟ ಚಿನ್ನ

ಇವತ್ತು ಒಡವೆ ಬಗ್ಗೆ ಮಾತಾಡೋಣ. ಚಿನ್ನದ ರೇಟು ಎಷ್ಟಾಯ್ತು ಅನ್ನೋದಲ್ಲ, ಆ ಸುದ್ದಿ ನಿಮ್ಮ ಫೋನಿಗೆ ದಿನಾ ಬರುತ್ತೆ. ಒಡವೆ ಮೈಮೇಲಿರೋದು ಹೆಣ್ಣಿನದ್ದು, ಆದರೆ ಅದು ನಿಜವಾಗಿ ಯಾರದ್ದು? ಇವತ್ತಿನ ಪ್ರಶ್ನೆ ಇದು.

1934ರ ಫೆಬ್ರವರಿ. ಅಸ್ಪೃಶ್ಯತೆ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ ಹರಿಜನ ನಿಧಿಗೆ ಹಣ ಕೂಡಿಸುತ್ತಾ ಕೊಡಗಿಗೆ ಬಂದರು. ಅಲ್ಲಿನ ಗುಂಡುಕುಟ್ಟಿ ಎಂಬ ಕಾಫಿ ಎಸ್ಟೇಟಿನಲ್ಲಿ ಉಳಿದುಕೊಂಡರು. ಆ ಎಸ್ಟೇಟಿನ ಮ್ಯಾನೇಜರ್ ಹೆಂಡತಿಗೆ ಆಗಿನ್ನೂ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸು. ಗಾಂಧೀಜಿ ನಮ್ಮ ಮನೆಗೂ ಬರಲೇಬೇಕು ಅಂತ ಹಠ ಹಿಡಿದು ಉಪವಾಸ ಕೂತುಬಿಟ್ಟರು! ಉಪವಾಸದ ವಿದ್ಯೆಯನ್ನು ಅದರ ಗುರುವಿನ ಮೇಲೇ ಪ್ರಯೋಗಿಸಿದ್ದು. ಗಾಂಧೀಜಿ ಸೋತರು, ಬಂದರು. ಆಕೆ ತಾಳಿ, ಓಲೆ, ಮೂಗುಬೊಟ್ಟು ಬಿಟ್ಟು ಮಿಕ್ಕ ಚಿನ್ನವನ್ನೆಲ್ಲ ನಿಧಿಗೆ ಕೊಟ್ಟರು.

ಅವರೇ ಕೊಡಗಿನ ಗೌರಮ್ಮ. ಕನ್ನಡದ ಮೊದಲ ಸಾಲಿನ ಕತೆಗಾರ್ತಿ, ಟೆನಿಸ್ ಆಡುತ್ತಿದ್ದವರು. 1939ರಲ್ಲಿ ಈಜಲು ಹೋಗಿ ಮುಳುಗಿ ತೀರಿಕೊಂಡಾಗ ವಯಸ್ಸು ಇಪ್ಪತ್ತೇಳು. 'ಕಂಬನಿ', 'ಚಿಗುರು' ಕಥಾಸಂಕಲನಗಳು ಪ್ರಕಟವಾಗಿದ್ದು ಅವರು ಹೋದ ಮೇಲೆ.

ಈಗ ನಮಗೆ ಇದು ಬರೀ ತ್ಯಾಗದ ಕತೆ ಅನ್ನಿಸಬಹುದು. ಆದರೆ ಆ ಕಾಲದ ಲೆಕ್ಕ ನೋಡಿ. ಮಿತಾಕ್ಷರ ಪದ್ಧತಿಯ ಕೂಡುಕುಟುಂಬದಲ್ಲಿ ಹೊಲ, ಮನೆ, ತೋಟ ಗಂಡುಮಕ್ಕಳದ್ದು. ಮಗಳಿಗೆ ಹುಟ್ಟಿನಿಂದ ಅದರಲ್ಲಿ ಪಾಲಿಲ್ಲ. ಅವಳದ್ದು ಅಂತ ಇದ್ದದ್ದು ಸ್ತ್ರೀಧನ, ಅಂದರೆ ಮುಖ್ಯವಾಗಿ ತವರಿನವರು ಮದುವೆಯಲ್ಲಿ ಹಾಕಿದ ಒಡವೆ. ಗಂಡ ಕಾಯಿಲೆ ಬಿದ್ದರೆ, ಬೆಳೆ ಹೋದರೆ, ಮಗನ ಫೀಸು ಕಟ್ಟಬೇಕಾದರೆ ಬಳೆ ಗಿರವಿ ಅಂಗಡಿ ಸೇರುತ್ತಿತ್ತು. ಅಮ್ಮ ಹಾಕಿದ ಸರ, ಅಜ್ಜಿ ಬಿಟ್ಟುಹೋದ ಅಡ್ಡಿಕೆ ಅಂದರೆ ನೆನಪೂ ಹೌದು, ಬ್ಯಾಂಕೂ ಹೌದು. ಎರಡನ್ನೂ ಒಟ್ಟಿಗೆ ಬಿಚ್ಚಿಕೊಡೋದು ಸಣ್ಣ ಮಾತಲ್ಲ.

ಇನ್ನೊಂದು ಘಟನೆ ಕೇಳಿ. ಗೌರಮ್ಮ ಒಡವೆ ಕೊಡೋದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಮಲಬಾರಿನ ವಡಕರದಲ್ಲಿ ಸಭೆ. ಕೌಮುದಿ ಅನ್ನೋ ಹದಿನಾರರ ಹುಡುಗಿ ವೇದಿಕೆಗೆ ಬಂದು ಒಂದು ಬಳೆ ಬಿಚ್ಚಿ ಆಟೋಗ್ರಾಫ್ ಕೇಳಿದಳು. ಆಮೇಲೆ ಇನ್ನೊಂದು ಬಳೆ. ಆಮೇಲೆ ಸಾವಿರಾರು ಜನರೆದುರೇ, ಜಡೆಗೆ ಸಿಕ್ಕಿಕೊಂಡ ಸರವನ್ನು ಬಿಡಿಸಿ ಕೊಟ್ಟಳು. ಕಿವಿಯದ್ದೂ ಬಂತು. ಗಾಂಧೀಜಿ ಅವಳನ್ನು ಕೇಳಿದ್ದು: ಅಪ್ಪ ಅಮ್ಮನ ಒಪ್ಪಿಗೆ ಇದೆಯಾ? ಅವಳು ಉತ್ತರ ಕೊಡಲಿಲ್ಲ. ಇದನ್ನೆಲ್ಲ ಬರೆದಿಟ್ಟವರು ಸ್ವತಃ ಗಾಂಧೀಜಿ, 'ಹರಿಜನ' ಪತ್ರಿಕೆಯಲ್ಲಿ. ಹದಿನಾರರ ಹುಡುಗಿಯನ್ನು ಹಾಗೆ ಕೇಳಿದ್ದು ಸರಿಯೇ ಇರಬಹುದು. ಆದರೂ ಅವಳ ಮೌನ ನನಗೆ ಇಷ್ಟ.

ಯಾಕಂದ್ರೆ ಒಪ್ಪಿಗೆಯ ವಿಷಯದಲ್ಲಿ ಗಾಂಧೀಜಿ ಮನೆಯಲ್ಲೇ ಒಂದು ಹಳೇ ಜಗಳ ಇತ್ತು. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಡುವಾಗ ಅಲ್ಲಿನ ಭಾರತೀಯರು ಕಸ್ತೂರಬಾಗೆ ಐವತ್ತು ಗಿನಿ ಬೆಲೆಯ ಚಿನ್ನದ ಸರ ಕೊಟ್ಟರು. ಸಾರ್ವಜನಿಕ ಸೇವೆಗೆ ಉಡುಗೊರೆ ತಗೋಬಾರದು, ವಾಪಸ್ ಕೊಡೋಣ ಅಂದರು ಗಾಂಧೀಜಿ. ಹೆಂಡತಿಯನ್ನು ಕೇಳೋ ಮೊದಲೇ ಮಕ್ಕಳನ್ನು ಒಪ್ಪಿಸಿಬಿಟ್ಟಿದ್ದರು! ಕಸ್ತೂರಬಾ ಸುಮ್ಮನೆ ಬಿಡಲಿಲ್ಲ. ನನಗೆ ಬೇಡ, ನಾಳೆ ಬರೋ ಸೊಸೆಯರಿಗೆ ಬೇಡವಾ? ನನಗೆ ಕೊಟ್ಟ ಸರದ ಮೇಲೆ ನಿಮಗೇನು ಹಕ್ಕು? ನಿಮಗೋಸ್ಕರ ಹಗಲೂ ರಾತ್ರಿ ದುಡಿದೆನಲ್ಲ, ಅದು ಸೇವೆ ಅಲ್ವಾ? ಈ ಧಾಟಿಯ ಮಾತುಗಳು. ಅವು ನಾಟಿದವು ಅಂತ ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಸರ ಟ್ರಸ್ಟಿಗೇ ಹೋಯ್ತು. ಕೌಮುದಿ, ಗೌರಮ್ಮ ತಾವೇ ಮುಂದೆ ಬಂದು ಕೊಟ್ಟರು. ಕಸ್ತೂರಬಾರಿಂದ ಕೊಡಿಸಲಾಯಿತು. ಚಿನ್ನ ಸಮಾಜಕ್ಕೇ ಹೋಗಿರಬಹುದು, ಆದರೆ ಎರಡೂ ಒಂದೇ ಅಲ್ಲ.

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಸ್ವಲ್ಪ ಮುಂದಿತ್ತು. 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಆಸ್ತಿ ಭಾಗವಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳಿಗೂ ಪಾಲು ಕೊಟ್ಟಿತು, ಒಡವೆ ಸ್ತ್ರೀಧನ ಅಂತ ಬರೆದಿಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಪಾಲಿಗೆ ಕಾಯ್ದೆ ಬಂದಿದ್ದು 1937ರಲ್ಲಿ. ಆದರೆ ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಮೈಸೂರಿನ ಈ ಕಾನೂನು ಗೌರಮ್ಮನವರಿಗೆ ಅನ್ವಯಿಸುತ್ತಿರಲಿಲ್ಲ.

ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದ್ದು 1985ರಲ್ಲಿ, ಪ್ರತಿಭಾ ರಾಣಿ ಪ್ರಕರಣದಲ್ಲಿ. ಸೊಸೆ ಗಂಡನ ಮನೆಗೆ ಕಾಲಿಟ್ಟ ಮಾತ್ರಕ್ಕೆ ಅವಳ ಸ್ತ್ರೀಧನ ಇಬ್ಬರ ಆಸ್ತಿ ಆಗೋದಿಲ್ಲ. ಗಂಡನೋ ಅತ್ತೆಯೋ ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಅವರು ಬರೀ ಕಾಯೋರು. ಅವಳು ಕೇಳಿದಾಗ ವಾಪಸ್ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ, ಪೊಲೀಸ್ ಕೇಸ್ ಹಾಕಬಹುದು.